ಸಂಕಪ್ಪಣ್ಣನ ಬಾಯಲ್ಲಿ ಉಳಿದ ಎರಡು ಇಂಗ್ಲಿಷ್ ಬೈಗುಳ

1949ರ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಕಾಸರಗೋಡು ತಾಲೂಕಿನ ಉತ್ತರದ ತುದಿಯಲ್ಲಿ, ಮೀಂಜ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಲೋಕಲ್ ಫಂಡ್ ಡಿಸ್ಪೆನ್ಸರಿಯ ವೈದ್ಯಾಧಿಕಾರಿಯಾಗಿದ್ದೆ. ಕಾಸರಗೋಡು ಆಗಿನ್ನೂ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಲೋಕಲ್ ಫಂಡ್ ಡಿಸ್ಪೆನ್ಸರಿ ಎಂದರೆ ಜಿಲ್ಲಾ ಬೋರ್ಡಿನ ಖರ್ಚಿನಲ್ಲಿ ನಡೆಯುವ ಸಣ್ಣ ಆಸ್ಪತ್ರೆ. ವೈದ್ಯಾಧಿಕಾರಿ ಎಂಬ ಹೆಸರು ಕೇಳಲು ದೊಡ್ಡದು. ಅಲ್ಲಿದ್ದದ್ದು ನಾನು, ಒಬ್ಬ ಕಾಂಪೌಂಡರ್, ಒಬ್ಬಳು ಆಯಾ, ಮತ್ತೆ ಎಷ್ಟು ತೊಳೆದರೂ ಕಾರ್ಬಾಲಿಕ್ ವಾಸನೆ ಬಿಡದ ಎರಡು ಬೆಂಚು. ನನ್ನದು ಎಲ್.ಎಂ.ಪಿ., ಅಂದರೆ ಮೆಡಿಕಲ್ ಸ್ಕೂಲಿನಲ್ಲಿ ಓದಿ ಪಡೆದ ಲೈಸೆನ್ಸು. ಎಂ.ಬಿ.ಬಿ.ಎಸ್. ಮಾಡಿದವರು ನಮ್ಮನ್ನು ಅರ್ಧ ಡಾಕ್ಟರು ಎಂದು ತಮಾಷೆ ಮಾಡುತ್ತಿದ್ದರು. ಹೆಂಗಸಾದ್ದರಿಂದ ನಾನು ಕಾಲು ಡಾಕ್ಟರು.

ಮೊದಮೊದಲು ಗಂಡಸರು ನನಗೆ ನಾಲಗೆ ತೋರಿಸಲೂ ನಾಚುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ನಾಚಿಕೆಯಾದರೆ ಜ್ವರ ಇಟ್ಟುಕೊಂಡು ಮನೆಗೆ ಹೋಗಿ" ಎಂದು ಒಂದೆರಡು ಸಲ ಗದರಿದ ಮೇಲೆ ಸರಿಹೋದರು. ಆಮೇಲೆ ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದೆ. ಎಷ್ಟೋ ಹೆರಿಗೆ, ಕಾಲರಾ, ಹಾವು ಕಡಿತ ನೋಡಿದೆ. ಆದರೆ ಮರೆಯಲಾಗದ ಕೇಸು ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಮನಸ್ಸಿಗೆ ಬರುವುದು ಇಂಗ್ಲಿಷಿನ ಎರಡು ಹೊಲಸು ಶಬ್ದಗಳು. ಅವನ್ನು ಬರೆಯದೆ ಈ ಸಂಗತಿ ಹೇಳಲಾಗುವುದಿಲ್ಲ. ಮರ್ಯಾದಸ್ಥ ಓದುಗರು ಕ್ಷಮಿಸಬೇಕು. ಕ್ಷಮಿಸದಿದ್ದರೂ ನಾನು ಬರೆಯುವವಳೇ.

ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ತ್ಯಾಂಪಣ್ಣ ಎಂಬವರು ಬಂದರು. ಗದ್ದೆ ಬೇಸಾಯದ ದೊಡ್ಡ ಮನೆತನದ ಯಜಮಾನರು, ಮನೆಮಾತು ತುಳು. ಹೆಗಲ ಮೇಲೆ ಮಡಿಸಿದ ಶಾಲು, ಕೈಯಲ್ಲಿ ಒಂದು ಕಾಗದ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಡಾಕ್ಟ್ರಮ್ಮ, ನನ್ನ ತಮ್ಮನಿಗೆ ಹುಚ್ಚು ಹಿಡಿದಿದೆ. ಕಲ್ಲಿಕೋಟೆಗೆ ಕಳಿಸ್ಬೇಕು. ಪೇಟೆಯ ಒಬ್ರು ಡಾಕ್ಟ್ರು ಬರ್ದು ಕೊಟ್ಟಿದ್ದಾರೆ. ನಿಮ್ಮದೊಂದು ರುಜು ಬಿದ್ರೆ ಆಯ್ತು."

"ನೋಡದೆ ರುಜು ಹಾಕ್ಲಿಕ್ಕೆ ನಾನೆಂತ ಪೋಸ್ಟ್ ಮಾಸ್ಟ್ರಾ?" ಎಂದೆ.

ಆ ಕಾಲದ ಕಾನೂನನ್ನು ಸ್ವಲ್ಪ ಹೇಳಬೇಕು. ಒಬ್ಬನನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ಮನೆಯವರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಅದರ ಜೊತೆ ಇಬ್ಬರು ಡಾಕ್ಟರುಗಳ ಸರ್ಟಿಫಿಕೇಟು ಬೇಕು. ಇಬ್ಬರೂ ಬೇರೆ ಬೇರೆಯಾಗಿ ರೋಗಿಯನ್ನು ನೋಡಿ, ತಾವೇ ಕಣ್ಣಾರೆ ಕಂಡ ಹುಚ್ಚಿನ ಲಕ್ಷಣಗಳನ್ನು ಬರೆಯಬೇಕು. ಅದರ ಮೇಲೆ ಮ್ಯಾಜಿಸ್ಟ್ರೇಟರು ಕೊಡುವ ಹುಕುಮಿಗೆ ರಿಸೆಪ್ಷನ್ ಆರ್ಡರ್ ಎಂದು ಹೆಸರು. ಆರ್ಡರ್ ಆದರೆ ಪೊಲೀಸರು ರೈಲು ಹತ್ತಿಸಿ ಕಲ್ಲಿಕೋಟೆಯ ಹುಚ್ಚಾಸ್ಪತ್ರೆಗೆ ಮುಟ್ಟಿಸುತ್ತಾರೆ. ಹೋದವರು ತಿರುಗಿ ಮನೆ ಮೆಟ್ಟಲು ಹತ್ತಿದ್ದನ್ನು ನಾನು ಕಂಡದ್ದು ತೀರ ಕಡಿಮೆ.

ಪೇಟೆಯ ಡಾಕ್ಟರು ಬರೆದದ್ದು ಒಂದೂವರೆ ಸಾಲು: ಅಸಂಬದ್ಧ ಮಾತು, ಉದ್ರೇಕ, ಸದಾ ಅಶ್ಲೀಲ ಭಾಷೆ. "ಎಂತ ಹೇಳ್ತಾರೆ ನಿಮ್ಮ ತಮ್ಮ?" ಎಂದು ಕೇಳಿದೆ. ತ್ಯಾಂಪಣ್ಣ ಕಿಟಕಿಯ ಕಡೆ ನೋಡಿದರು. "ಅದು ಹೆಂಗಸ್ರ ಎದುರು ಹೇಳುವಂಥದ್ದಲ್ಲ. ಇಂಗ್ಲಿಷ್ ಬೈಗುಳ" ಎಂದರು. ಮರುದಿನ ಮನೆಗೆ ಬರುತ್ತೇನೆಂದು ಹೇಳಿ ಕಳಿಸಿದೆ.

ಅವರು ಹೋದ ಮೇಲೆ ಕಾಂಪೌಂಡರ್ ಕುಂಞಂಬು ಒಳಗಿನಿಂದ ಬಂದ. ಮಲಯಾಳಿ, ಯುದ್ಧದ ಕಾಲದಲ್ಲಿ ಬರ್ಮಾ ಗಡಿಯ ಮಿಲಿಟರಿ ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೆಲಸ ಮಾಡಿದವ. "ಡಾಕ್ಟ್ರಮ್ಮ, ಅದು ನಮ್ಮ ಮಿಲಿಟ್ರಿ ಸಂಕಪ್ಪಣ್ಣ" ಎಂದು ಶುರುಮಾಡಿದ. ಸಂಕಪ್ಪಣ್ಣ ಸೈನ್ಯದಲ್ಲಿ ಲಾರಿ ಡ್ರೈವರ್ ಆಗಿದ್ದವರು. ನಾಲ್ಕು ವರ್ಷ ಬಿಳಿ ಸೋಲ್ಜರುಗಳ ಜೊತೆಗೇ ತಿಂದು, ಮಲಗಿ, ಕೆಸರಿನಲ್ಲಿ ಹೂತ ಲಾರಿ ಎಳೆದು ಕಲಿತ ಇಂಗ್ಲಿಷು ಅವರದು. ಯುದ್ಧ ಮುಗಿದು ಊರಿಗೆ ಬಂದವರ ಬಾಯಲ್ಲಿ ಎರಡು ಶಬ್ದ ಬಿಡದೆ ಇದ್ದವು: ಬ್ಲಡಿ ಮತ್ತು ಬಗರ್. ಊರವರಿಗೆ ಅವು ದೊಡ್ಡ ದೊರೆಗಳ ಮಾತು. ಹೊಸ ಜೋಡಿ ಎತ್ತು ತಂದಾಗ ಸಂಕಪ್ಪಣ್ಣ ಒಂದಕ್ಕೆ ಬ್ಲಡಿ, ಇನ್ನೊಂದಕ್ಕೆ ಬಗರ್ ಎಂದೇ ಹೆಸರಿಟ್ಟರು. ಕಳ್ಳಿನಂಗಡಿಯಲ್ಲಿ ಒಳ್ಳೆ ಕಳ್ಳಿಗೆ "ಬ್ಲಡಿ ಗುಡ್" ಎನ್ನುವುದು ರೂಢಿಯಾಯಿತು. ನಾಟಿ ಗದ್ದೆಯಲ್ಲಿ ಅಜ್ಜಿಯೊಬ್ಬಳು ಮೊಮ್ಮಗನನ್ನು "ನನ್ನ ಬಗ್ಗರ" ಎಂದು ಮುದ್ದು ಮಾಡುತ್ತಿದ್ದಳಂತೆ.

ನನಗೂ ಅರ್ಥ ಗೊತ್ತಿರಲಿಲ್ಲ. ಮಿಶನರಿಗಳ ಕೈಯಲ್ಲಿ ಇಂಗ್ಲಿಷ್ ಕಲಿತವಳು ನಾನು. ಅವರು ಕಲಿಸಿದ ಅತಿ ಕೆಟ್ಟ ಶಬ್ದ "ನಾಟಿ", ಅಂದರೆ ತುಂಟ. "ಬಗರ್ ಅಂದ್ರೆ ಎಂತ ಕುಂಞಂಬು?" ಎಂದು ಕೇಳಿದೆ. ಅವನು ಹಿಂದೆ ತಿರುಗಿ, ಸರಿಯಾಗಿಯೇ ಇದ್ದ ಮಿಕ್ಸ್ಚರ್ ಬಾಟಲಿಗಳನ್ನು ಮತ್ತೆ ಸಾಲಾಗಿ ಇಡತೊಡಗಿದ.

"ಅದು... ಪೀನಲ್ ಕೋಡಿನಲ್ಲಿ ಬರುವ ಒಂದು ಅಪರಾಧ ಉಂಟಲ್ಲ ಡಾಕ್ಟ್ರಮ್ಮ. ಗಂಡಸು ಗಂಡಸು..."

"ಸಾಕು, ಗೊತ್ತಾಯ್ತು" ಎಂದೆ. ನನ್ನ ಕಿವಿ ಬಿಸಿಯಾಯಿತು. ಡಾಕ್ಟರಾದವಳು ಶವ ಕೊಯ್ದು ನೋಡಿದ್ದರೂ ಕೆಲವು ಮಾತಿಗೆ ನಾಚಿಕೆ ಬಿಟ್ಟಿರುವುದಿಲ್ಲ.

ಆದರೆ ಕುಂಞಂಬು ಅಷ್ಟಕ್ಕೆ ಬಿಡಲಿಲ್ಲ. "ಅರ್ಥ ಅದು. ಆದ್ರೆ ಸೋಲ್ಜರು ಹೇಳುವಾಗ ಅದಲ್ಲ" ಎಂದ. ಚಹಾ ಒಳ್ಳೆಯದಿದ್ದರೂ ಬ್ಲಡಿ, ಬಾಂಬು ಬಿದ್ದರೂ ಬ್ಲಡಿ. ತೊಲಗು ಎನ್ನಲು ಬಗರ್ ಆಫ್. ಊಟಕ್ಕೆ ಏನೂ ಇಲ್ಲದಿದ್ದರೆ ಬಗರ್ ಆಲ್. ಲಾರಿ ಕೆಟ್ಟರೆ ಅದು ಬಗರ್ಡ್. ಆಪ್ತ ಗೆಳೆಯನನ್ನು ಕರೆಯುವುದು ಓಲ್ಡ್ ಬಗರ್. "ಒಬ್ಬ ಗೋರ ಸೋಲ್ಜರು, ಸಾಯ್ತಾ ಇದ್ದ ಜೊತೆಗಾರನ ತಲೆ ತೊಡೆ ಮೇಲಿಟ್ಟು 'ಪೂರ್ ಬಗರ್, ಪೂರ್ ಬಗರ್' ಅಂತ ಅತ್ತದ್ದು ನಾನು ನೋಡಿದ್ದೇನೆ. ಅಲ್ಲಿ ಅದು ರಾಮನಾಮದ ಹಾಗೆ, ಡಾಕ್ಟ್ರಮ್ಮ."

ಯೋಚಿಸಿದರೆ ನಮ್ಮಲ್ಲೇನು ಕಡಿಮೆ? ನಮ್ಮ ಪಕ್ಕದ ಮನೆಯ ತುಳು ಅಜ್ಜಿ ಮಗು ಚೇಷ್ಟೆ ಮಾಡಿದರೆ "ನಿನ್ನ ಬೊಜ್ಜ!" ಎಂದು ನಗುತ್ತ ಕೆನ್ನೆ ಹಿಂಡುತ್ತಿದ್ದಳು. ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ಎಲುಬಿಲ್ಲದ ನಾಲಗೆ ಎಲ್ಲ ಊರಿನಲ್ಲೂ ಒಂದೇ.

ಮರುದಿನ ಬಸ್ಸಿಳಿದು ಗುಡ್ಡ ಹತ್ತಿ ಅವರ ಮನೆಗೆ ಹೋದೆ. ಆ ಕಡೆಯ ಪದ್ಧತಿ ಓದುಗರಿಗೆ ಗೊತ್ತಿರಬಹುದು: ಮನೆಗೆ ಯಾರೇ ಬರಲಿ, ಬಂದ ಕೆಲಸ ಏನೇ ಇರಲಿ, ಮೊದಲು ಒಂದು ತುಂಡು ಬೆಲ್ಲ ಮತ್ತು ನೀರು. ಅದು ಆಗುವವರೆಗೆ "ಎಂತ ಬಂದದ್ದು?" ಎಂದು ಕೇಳುವ ಹಾಗಿಲ್ಲ. ನಾನು ಬೆಲ್ಲ ಕಡಿದು ನೀರು ಕುಡಿದ ಮೇಲೆಯೇ ಸಂಕಪ್ಪಣ್ಣನ ಹತ್ತಿರ ಕರೆದುಕೊಂಡು ಹೋದರು.

ಚಾವಡಿಯ, ಅಂದರೆ ಹೊರಗಿನ ದೊಡ್ಡ ಪಡಸಾಲೆಯ, ಗೋಡೆಗೆ ಒರಗಿ ಕೂತಿದ್ದರು. ನಲವತ್ತು ದಾಟಿದ ಗಟ್ಟಿ ಆಳು. ಬಲಗೈ, ಬಲಗಾಲು ಸತ್ತಿದ್ದವು. ಬಾಯಿ ಒಂದು ಕಡೆಗೆ ಸ್ವಲ್ಪ ಸೊಟ್ಟ. ಮಳೆ ಜೋರಿದ್ದ ಆಟಿ ತಿಂಗಳ ಒಂದು ಮುಂಜಾನೆ ದನದ ಹಟ್ಟಿಯಲ್ಲಿ ಕುಸಿದು ಬಿದ್ದವರಿಗೆ ಜ್ಞಾನ ಬಂದಾಗ ಮಾತು ಹೋಗಿತ್ತಂತೆ. ಕೆಲವು ದಿನ ಕಳೆದು ಬಾಯಿಗೆ ಬಂದದ್ದು ಆ ಎರಡು ಶಬ್ದ ಮಾತ್ರ. ನನ್ನನ್ನು ಕಂಡೊಡನೆ ಎಡಗೈಯನ್ನು ಎದೆಗೆ ತಂದು, "ಬ್ಲಡಿ ಬಗರ್" ಎಂದರು. ದನಿಯಲ್ಲಿ ಎಷ್ಟು ಮರ್ಯಾದೆ ಇತ್ತೆಂದರೆ ನಾನು ತಿಳಿಯದೆ ಕೈ ಮುಗಿದುಬಿಟ್ಟೆ.

ಹೆಂಡತಿ ದೇವಕಿಯಕ್ಕ ಕಂಬದ ಹಿಂದೆ ನಿಂತಿದ್ದರು. "ಅವ್ರು ಬೈಯುದಲ್ಲ ಡಾಕ್ಟ್ರಮ್ಮ. ಅವ್ರ ಹತ್ರ ಉಳಿದದ್ದೇ ಅಷ್ಟು" ಎಂದರು.

ನಾನು ಪರೀಕ್ಷೆ ಶುರುಮಾಡಿದೆ. ಕಣ್ಣು ಮುಚ್ಚಿ ಎಂದರೆ ಮುಚ್ಚಿದರು. ಎಡಗೈಯಲ್ಲಿ ಮೂಗು ಮುಟ್ಟಿ ಎಂದರೆ ಮುಟ್ಟಿದರು. ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿ ಇತ್ತು. ಹೇಳಿದ್ದನ್ನು ಹೇಳಿದಂತೆ ಎತ್ತಿ ಕೊಟ್ಟರು. "ಇದು ಮಧ್ಯರಾತ್ರಿ ಅಲ್ವಾ ಸಂಕಪ್ಪಣ್ಣ?" ಎಂದು ಬೇಕೆಂದೇ ಕೇಳಿದೆ. ಅವರು ಅಂಗಳದ ಬಿಸಿಲು ನೋಡಿದರು, ನನ್ನ ಮುಖ ನೋಡಿದರು, ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಆ ಶಬ್ದ ಹೇಳಿದರು. ದೇವಕಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡರು.

"ಎಂತ ಹೇಳಿದ್ರು?"

"ಬೇಡ ಡಾಕ್ಟ್ರಮ್ಮ."

"ಹೇಳಿ ಮಾರಾಯ್ತಿ!"

"ಈ ಡಾಕ್ಟ್ರಮ್ಮನನ್ನೇ ಯಾರಿಗಾದ್ರೂ ತೋರಿಸ್ಬೇಕು ಅಂತ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಸಂಕಪ್ಪಣ್ಣನೂ ಅರ್ಧ ಬಾಯಲ್ಲಿ ನಕ್ಕರು. ಅಷ್ಟರಲ್ಲಿ ಹಟ್ಟಿಯ ಕರುವೊಂದು ಹಗ್ಗ ಬಿಚ್ಚಿ ನೇಜಿಯ, ಅಂದರೆ ಭತ್ತದ ಸಸಿಯ, ಕಡೆ ಓಡಿತು. ಅವರು ಅದೇ ಶಬ್ದವನ್ನು ಗಂಟಲು ಹರಿಯುವಂತೆ ಕೂಗಿದರು. ಕರು ನಿಂತು, ತಿರುಗಿ ಬಂತು. ನೀರು ಬೇಕಾದಾಗ ಹೇಗೆ ಹೇಳುತ್ತಾರೆ, ದಿಂಬು ಸರಿಯಿಲ್ಲದಿದ್ದರೆ ಹೇಗೆ ಎಳೆಯುತ್ತಾರೆ ಎಂದು ದೇವಕಿಯಕ್ಕ ಹೇಳಿಕೊಟ್ಟರು. ಸಂಜೆ ದೀಪ ಹಚ್ಚಿದ ಮೇಲೆ ತನ್ನನ್ನು ಹತ್ತಿರ ಕೂರಿಸಿಕೊಂಡು ಹೇಳುವುದು ಬೇರೆಯೇ ಒಂದುಂಟು ಎಂದು ಶುರುಮಾಡಿ, ನಾಚಿ ನಿಲ್ಲಿಸಿದರು.

ಇದಕ್ಕೆ ವೈದ್ಯಕೀಯದಲ್ಲಿ ಅಫೇಸಿಯ ಎನ್ನುತ್ತಾರೆ. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದಾಗ ದೇಹದ ಬಲಭಾಗ ಬೀಳುತ್ತದೆ, ಜೊತೆಗೆ ಮಾತೂ ಹೋಗಬಹುದು. ಬುದ್ಧಿ ಹೋಗಿರುವುದಿಲ್ಲ, ಕೇಳಿದ್ದು ತಿಳಿಯುತ್ತದೆ, ಹೇಳಬೇಕಾದ ಶಬ್ದ ಮಾತ್ರ ಸಿಕ್ಕುವುದಿಲ್ಲ. ಆದರೆ ಯೋಚಿಸದೆ ತಾನಾಗಿ ಬಾಯಿಗೆ ಬರುವ ಮಾತುಗಳು ಕೆಲವರಲ್ಲಿ ಉಳಿದುಬಿಡುತ್ತವೆ. ಭಜನೆ ಹೇಳುತ್ತಿದ್ದವನಿಗೆ ಭಜನೆ ಉಳಿಯಬಹುದು, ಬೈಯುತ್ತಿದ್ದವನಿಗೆ ಬೈಗುಳ. ಕ್ಲಾಸಿನಲ್ಲಿ ಕೇಳಿದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು.

"ನಾನು ರುಜು ಹಾಕುದಿಲ್ಲ. ಇವರಿಗೆ ಹುಚ್ಚಿಲ್ಲ" ಎಂದೆ.

ತ್ಯಾಂಪಣ್ಣ ಕೆರಳಿದರು. ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಮನೆಯ ದೈವಕ್ಕೆ ತಂಬಿಲ ಕೊಟ್ಟಿದ್ದರಂತೆ. ವರ್ಷಕ್ಕೊಮ್ಮೆ ಮನೆತನದವರೆಲ್ಲ ಸೇರಿ ದೈವಕ್ಕೆ ಒಪ್ಪಿಸುವ ಸೇವೆ ಅದು. ಸಂಕಪ್ಪಣ್ಣನನ್ನು ಗುಡಿಯ ಎದುರು ತಂದು ಕೂರಿಸಿದ್ದರು. ಪ್ರಸಾದ ಕೈಗೆ ಬಿದ್ದೊಡನೆ ಅವರು ಆ ಎರಡು ಶಬ್ದ ಹೇಳಿದರು. ಊರವರಿಗೆ ಏನೂ ಅನ್ನಿಸಲಿಲ್ಲ. ಆದರೆ ಮಂಗಳೂರಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನೆಂಟರೊಬ್ಬರು ಬಂದಿದ್ದರು. ಅವರು ತ್ಯಾಂಪಣ್ಣನನ್ನು ಬದಿಗೆ ಕರೆದು ಅರ್ಥ ಹೇಳಿದರು.

"ದೈವದ ಎದುರು, ಡಾಕ್ಟ್ರಮ್ಮ! ಅಂಥಾ ಶಬ್ದ! ಈ ಮನೆಯಲ್ಲಿ ಮಕ್ಕಳು ಮರಿ ಇದ್ದಾರೆ. ದೈವ ಮುನಿದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ?"

"ಅದು ರೋಗ ತ್ಯಾಂಪಣ್ಣ. ಪುಸ್ತಕದಲ್ಲಿ ಉಂಟು."

"ನಿಮ್ಮ ಪುಸ್ತಕ ದೈವ ಓದಿದೆಯಾ?"

ಅವರು ಕೆಟ್ಟವರಲ್ಲ. ದಿನಾ ಬೆಳಿಗ್ಗೆ ತಮ್ಮನನ್ನು ಬೆನ್ನ ಮೇಲೆ ಹೊತ್ತು ಬಚ್ಚಲಿಗೆ ಕರೆದೊಯ್ಯುತ್ತಿದ್ದವರು ಅವರೇ. ಬೆನ್ನ ಮೇಲಿದ್ದ ತಮ್ಮ ಅಣ್ಣನ ಕಿವಿಯ ಹತ್ತಿರವೇ ಆ ಮಾತು ಹೇಳುವಾಗ ಅವರ ಎದೆ ಹೇಗೆ ನಡುಗುತ್ತಿತ್ತೋ. ನಾನು ಹೊರಡುವಾಗ ದೇವಕಿಯಕ್ಕ ಗೇಟಿನವರೆಗೆ ಬಂದರು. "ಅಲ್ಲಿ ಇವ್ರಿಗೆ ನೀರು ಬೇಕಾದ್ರೆ ಯಾರಿಗೆ ಗೊತ್ತಾಗ್ತದೆ?" ಎಂದು ಕೇಳಿದರು. ಗುಡ್ಡ ಇಳಿಯುವಾಗ ಪೂರ್ತಿ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ತ್ಯಾಂಪಣ್ಣ ಆಗಲೇ ಅರ್ಜಿ ಹಾಕಿದ್ದರಿಂದ, ಹುಚ್ಚಿಲ್ಲ ಎಂದು ನಾನು ಮ್ಯಾಜಿಸ್ಟ್ರೇಟರಿಗೆ ವರದಿ ಬರೆದು ಕಳಿಸಿದೆ. ಒಬ್ಬ ಡಾಕ್ಟರು ಹೌದೆಂದು, ಇನ್ನೊಬ್ಬರು ಅಲ್ಲವೆಂದು ಬರೆದದ್ದನ್ನು ನೋಡಿ ಮ್ಯಾಜಿಸ್ಟ್ರೇಟರು ನನ್ನನ್ನು ಕಾಸರಗೋಡಿಗೆ ಕರೆಸಿದರು. ತಮಿಳರು, ಹೊಸದಾಗಿ ಬಂದವರು. ಕೈ ಬಹಳ ಶುದ್ಧ ಎಂದು ಹೆಸರಿತ್ತು. ಯಾರದಾದರೂ ಮನೆಗೆ ವಿಚಾರಣೆಗೆ ಹೋದರೆ ಒಂದು ಲೋಟ ಮಜ್ಜಿಗೆಯನ್ನೂ ಮುಟ್ಟುವುದಿಲ್ಲವೆಂದು ಕೋರ್ಟಿನ ಗುಮಾಸ್ತರು ಹೇಳುತ್ತಿದ್ದರು. ನನ್ನ ವರದಿಯಲ್ಲಿ ರೋಗಿ ಹೇಳುವ ಶಬ್ದದ ಜಾಗದಲ್ಲಿ ನಾನು ಒಂದು ಗೀಟು ಎಳೆದಿದ್ದೆ. ಅವರು ಅದರ ಮೇಲೆ ಬೆರಳಿಟ್ಟರು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ.

"ಡಾಕ್ಟರ್, ಗೀಟನ್ನು ನೋಡಿ ನಾನು ಹೇಗೆ ತೀರ್ಮಾನ ಮಾಡಲಿ? ಶಬ್ದ ಹೇಳಿ."

ಕೋಣೆಯಲ್ಲಿ ಗುಮಾಸ್ತರಿದ್ದರು, ಡವಾಲಿ ಹಾಕಿದ ಜವಾನನಿದ್ದ. ನನ್ನ ತಾಯಿ ನೆನಪಾದರು, ಮಿಶನಿನ ಟೀಚರಮ್ಮ ನೆನಪಾದರು. ಉಸಿರು ಎಳೆದುಕೊಂಡು ಸ್ಪಷ್ಟವಾಗಿ, ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ, ಎರಡೂ ಶಬ್ದ ಹೇಳಿದೆ. ಗುಮಾಸ್ತರ ಕೈಯಲ್ಲಿ ಪೆನ್ನು ನಿಂತುಹೋಯಿತು.

"ಇದನ್ನು ನಿಮಗೇ ಹೇಳಿದನೇ?"

"ನನಗೆ ಹೇಳಿದರು, ಹೆಂಡತಿಗೆ ಹೇಳಿದರು, ಕರುವಿಗೂ ಹೇಳಿದರು. ಹೇಳಿದ ಮಾತು ಕೇಳಿ ಕರು ವಾಪಸು ಬಂತು, ಸರ್."

ಅವರು ನಗಲಿಲ್ಲ. ತಾವೇ ಬಂದು ನೋಡುವುದಾಗಿ ಹೇಳಿದರು. ಕಾನೂನು ಕೂಡ ಅದನ್ನೇ ಹೇಳುತ್ತಿತ್ತು. ಆದರೆ ಗುಡ್ಡ ಹತ್ತಿ ಬರುವವರು ಎಷ್ಟು ಜನ?

ಅವರು ಬಂದ ದಿನ ಬಿಸಿಲು ಚುರುಕಾಗಿತ್ತು. ಗುಮಾಸ್ತರು, ತ್ಯಾಂಪಣ್ಣ, ನಾನು ಜೊತೆಗಿದ್ದೆವು. ಮ್ಯಾಜಿಸ್ಟ್ರೇಟರು ಚಾವಡಿಯ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡು ಒಡನೆಯೇ ಪ್ರಶ್ನೆಗೆ ಶುರುಮಾಡಿದರು. "ನಿಮ್ಮ ಹೆಸರೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸಂಕಪ್ಪಣ್ಣನ ಮುಖ ಕೆಂಪಾಯಿತು. ಎಡಗೈಯಲ್ಲಿ ನೆಲ ಬಡಿದು "ಬ್ಲಡಿ!" ಎಂದು ಕೂಗಿದರು. ಇನ್ನೊಂದು ಪ್ರಶ್ನೆಗೆ ಇನ್ನೂ ಜೋರಾಗಿ ಕೂಗಿದರು. ಕತ್ತಿನ ನರ ಉಬ್ಬಿತು. ಬಡಿದು ಬಡಿದು ಬೆರಳ ಗಂಟಿನಲ್ಲಿ ರಕ್ತ ಬಂತು. ಹಿಂದಿನ ಸಲ ಬಂದಾಗ ನಾನು ಅವರನ್ನು ಹಾಗೆ ಕಂಡಿರಲಿಲ್ಲ. ಗುಮಾಸ್ತರು "ಉದ್ರೇಕ, ಅಶ್ಲೀಲ ಭಾಷೆ" ಎಂದು ಬರೆದುಕೊಳ್ಳುತ್ತಿದ್ದರು. ತ್ಯಾಂಪಣ್ಣ ಕಣ್ಣು ಮುಚ್ಚಿ ನಿಂತಿದ್ದರು. ಮುಗಿಯಿತು, ಇವರನ್ನು ಕಳಿಸಿಬಿಡುತ್ತಾರೆ ಎಂದುಕೊಂಡೆ.

ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಸಂಕಪ್ಪಣ್ಣ ಬೈಯುತ್ತಿದ್ದದ್ದು ಮ್ಯಾಜಿಸ್ಟ್ರೇಟರಿಗಲ್ಲ. ಅವರ ಮುಖ ತಿರುಗಿದ್ದು ಅಡುಗೆಮನೆಯ ಬಾಗಿಲ ಕಡೆಗೆ.

ನಾನು ಬೆಂಚಿನತ್ತ ನೋಡಿದೆ. ಬೆಲ್ಲ ಇಲ್ಲ, ನೀರಿಲ್ಲ. ಈ ಸಾಹೇಬರು ಏನೂ ಮುಟ್ಟುವುದಿಲ್ಲ, ಯಾರೂ ಹೊರಗೆ ಬರಬಾರದು ಎಂದು ತ್ಯಾಂಪಣ್ಣ ಮೊದಲೇ ಹೆಂಗಸರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಬಿಸಿಲಿನಲ್ಲಿ ಗುಡ್ಡ ಹತ್ತಿ ಬಂದ ಅತಿಥಿ ಒಣ ಬಾಯಲ್ಲಿ ಕೂತಿದ್ದಾರೆ. ಮನೆಯ ಗಂಡಸು ನೋಡುತ್ತ ಕೂರಬೇಕು, ಹೇಳಲು ಮಾತಿಲ್ಲ.

"ದೇವಕಿಯಕ್ಕ, ಬೆಲ್ಲ ನೀರು ತನ್ನಿ!" ಎಂದು ನಾನೇ ಕೂಗಿದೆ. ಅವರು ಬಾಗಿಲ ಹಿಂದೆ ತಟ್ಟೆ ಹಿಡಿದುಕೊಂಡೇ ನಿಂತಿದ್ದರೆಂದು ಕಾಣುತ್ತದೆ, ಕ್ಷಣದಲ್ಲಿ ಬಂದರು. ತ್ಯಾಂಪಣ್ಣ ತಡೆಯಲು ಕೈ ಎತ್ತಿದರು. ಮ್ಯಾಜಿಸ್ಟ್ರೇಟರೂ ಕೈ ಅಡ್ಡ ಹಿಡಿದರು.

"ಕ್ಷಮಿಸಿ. ವಿಚಾರಣೆಗೆ ಬಂದ ಮನೆಯಲ್ಲಿ ನಾನು ಏನೂ ತೆಗೆದುಕೊಳ್ಳುವುದಿಲ್ಲ."

ಸಂಕಪ್ಪಣ್ಣ ಮತ್ತೆ ಕೂಗಿದರು. ಈ ಸಲ ಕೂಗಿನ ಕೊನೆಯಲ್ಲಿ ಅಳು ಸೇರಿತ್ತು.

"ಸರ್, ಇದು ಉಪಚಾರ ಅಲ್ಲ, ಇದು ಸಾಕ್ಷ್ಯ. ದಯವಿಟ್ಟು ಕುಡಿಯಿರಿ" ಎಂದೆ. ಹಾಗೆ ಹೇಳಲು ನನಗೆ ಎಲ್ಲಿಂದ ಧೈರ್ಯ ಬಂತೋ ಇವತ್ತಿಗೂ ತಿಳಿಯದು. ಒಬ್ಬ ಎಲ್.ಎಂ.ಪಿ. ಹೆಂಗಸು ಮ್ಯಾಜಿಸ್ಟ್ರೇಟರಿಗೆ ಹುಕುಮು ಮಾಡುವುದೆಂದರೇನು!

ಅವರು ನನ್ನನ್ನು ನೋಡಿದರು. ಆಮೇಲೆ ಸಂಕಪ್ಪಣ್ಣನನ್ನು ನೋಡಿದರು. ಆ ಮನುಷ್ಯ ಬೇಕಾದರೆ ನನ್ನನ್ನು ಗದರಿ, ಬರೆದದ್ದಕ್ಕೆ ರುಜು ಹಾಕಿ ಎದ್ದು ಹೋಗಬಹುದಿತ್ತು. ಯಾರೂ ತಪ್ಪು ಹೇಳುತ್ತಿರಲಿಲ್ಲ. ಹಾಗೆ ಮಾಡದೆ, ಎಷ್ಟೋ ವರ್ಷ ಕಾಪಾಡಿಕೊಂಡು ಬಂದ ನಿಯಮವನ್ನು ಒಂದು ಗಳಿಗೆ ಬದಿಗಿಟ್ಟರು. ಬೆಲ್ಲದ ತುಂಡನ್ನು ಬಾಯಿಗೆ ಹಾಕಿ, ಚೆಂಬೆತ್ತಿ ನೀರು ಕುಡಿದರು.

ಕೂಗು ನಿಂತಿತು. ಒಲೆಯ ಮೇಲಿನ ಹಾಲು ಇಳಿಸಿದ ಹಾಗೆ ಸಂಕಪ್ಪಣ್ಣ ಇಳಿದರು. ಉಸಿರು ಬಿಟ್ಟು, ಗೋಡೆಗೆ ಒರಗಿ, "ಬ್ಲಡಿ ಬಗರ್" ಎಂದು ಮೆತ್ತಗೆ ಹೇಳಿದರು. ಮನೆಗೆ ಬಂದವರಿಗೆ ನಮ್ಮ ಅಜ್ಜ "ಸಂತೋಷ, ಕೂತುಕೊಳ್ಳಿ" ಎನ್ನುತ್ತಿದ್ದ ರೀತಿಯಲ್ಲೇ.

ಮ್ಯಾಜಿಸ್ಟ್ರೇಟರು ಚೆಂಬು ಕೆಳಗಿಟ್ಟರು. ಆಮೇಲೆ ಇಂಗ್ಲಿಷಿನಲ್ಲಿ, ಇಷ್ಟು ಹೊತ್ತು ಇರದಿದ್ದ ದನಿಯಲ್ಲಿ, "ನೀವು ಸೈನ್ಯದಲ್ಲಿದ್ದಿರಂತೆ?" ಎಂದು ಕೇಳಿದರು. ಸಂಕಪ್ಪಣ್ಣ ಬೆನ್ನು ನೆಟ್ಟಗೆ ಮಾಡಿದರು. ಸಲಾಮು ಹೊಡೆಯಲು ಬಲಗೈ ಬೇಕು; ಅದು ತೊಡೆಯ ಮೇಲೆ ಸತ್ತು ಬಿದ್ದಿತ್ತು. ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಮೆಲ್ಲಮೆಲ್ಲಗೆ ಎತ್ತಿ, ಹಣೆಗೆ ಮುಟ್ಟಿಸಿದರು. ಸಾಹೇಬರು ಎದ್ದು ನಿಂತರು. ಅವರು ಮರು ಸಲಾಮು ಮಾಡುವವರೆಗೆ ಸಂಕಪ್ಪಣ್ಣ ಕೈ ಇಳಿಸಲಿಲ್ಲ.

ನನಗೆ ಅಳು ಬಂತು. ಸರ್ಕಾರಿ ಡಾಕ್ಟರು ಅಳಬಾರದು ಎಂಬ ನಿಯಮ ಎಲ್ಲೂ ಇಲ್ಲ, ಆದ್ದರಿಂದ ಅತ್ತೆ. ತ್ಯಾಂಪಣ್ಣ ಶಾಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಗುಮಾಸ್ತರು ತಾವು ಬರೆದದ್ದನ್ನು ಯಾರೂ ಹೇಳದೆಯೇ ಹೊಡೆದುಹಾಕಿದರು.

ಅರ್ಜಿ ತಳ್ಳಿಹಾಕಿದ ಹುಕುಮು ಅದೇ ವಾರ ಬಂತು. ದೈವದ ಪ್ರಶ್ನೆ ಮಾತ್ರ ಕೋರ್ಟಿನಲ್ಲಿ ಬಗೆಹರಿಯುವಂಥದ್ದಲ್ಲ. ಮುಂದಿನ ಕೋಲದಲ್ಲಿ, ದೈವ ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುವ ಹೊತ್ತಿನಲ್ಲಿ, ತ್ಯಾಂಪಣ್ಣ ಎದುರು ನಿಂತು ತಪ್ಪು ಒಪ್ಪಿಸಿ ಕೇಳಿದರಂತೆ. ನಾನು ಅಲ್ಲಿರಲಿಲ್ಲ, ಕುಂಞಂಬು ಬಂದು ಹೇಳಿದ. "ಅವನ ನಾಲಗೆಯನ್ನು ನಾನು ಕೇಳಲಿಲ್ಲ, ಅವನು ಪ್ರಸಾದಕ್ಕೆ ಚಾಚಿದ ಕೈ ನೋಡಿದೆ" ಎಂದು ನುಡಿಯಾಯಿತಂತೆ. ನನ್ನ ಪುಸ್ತಕ ದೈವ ಓದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನಂತೂ ಆ ರಾತ್ರಿ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ. ಮರುದಿನ ತ್ಯಾಂಪಣ್ಣ ಒಂದು ಗೊನೆ ಕದಳಿ ಬಾಳೆಹಣ್ಣು ತಂದು ಡಿಸ್ಪೆನ್ಸರಿಯ ಬೆಂಚಿನ ಮೇಲಿಟ್ಟರು. "ಇದು ಲಂಚವಾ?" ಎಂದೆ. "ಅಲ್ಲ ಡಾಕ್ಟ್ರಮ್ಮ, ಸಾಕ್ಷ್ಯ" ಎಂದರು. ಅವರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಅವತ್ತು.

ಆಮೇಲಿನ ವರ್ಷಗಳಲ್ಲಿ ಎಷ್ಟೋ ರೋಗಿಗಳು ನನಗೆ ಬೈದರು. ಹೆರಿಗೆ ನೋವಿನಲ್ಲಿ ನನ್ನ ಏಳು ತಲೆಮಾರನ್ನು ಎಳೆದವರಿದ್ದಾರೆ. ಸತ್ತ ಮಗುವನ್ನು ಎತ್ತಿಕೊಂಡು ಬಂದು ನನ್ನ ಮುಖಕ್ಕೆ ಉಗಿದ ಅಪ್ಪಂದಿರಿದ್ದಾರೆ. ನನ್ನ ಮೂಗಿನ ತುದಿಯ ಸಿಟ್ಟು ಅಲ್ಲೇ ಇತ್ತು, ಆದರೆ ಇಳಿದು ಬಾಯಿಗೆ ಬರುವ ಮೊದಲು ಒಂದು ಕ್ಷಣ ನಿಲ್ಲುವುದನ್ನು ಕಲಿತಿತ್ತು. ಶಬ್ದಕ್ಕೆ ಅರ್ಥ ಕೊಡುವುದು ಡಿಕ್ಷನರಿಯಲ್ಲ, ಅದನ್ನು ಹೇಳುವವರ ಅಗತ್ಯ. ಅದನ್ನು ಹುಡುಕದೆ ಬರೆಯುವ ಸರ್ಟಿಫಿಕೇಟು ಒಬ್ಬರ ಬದುಕನ್ನೇ ತೆಗೆಯಬಹುದು. ಇದನ್ನು ಕಲಿಸಿದ್ದು ಮೆಡಿಕಲ್ ಸ್ಕೂಲಲ್ಲ. ಸಂಕಪ್ಪಣ್ಣನಿಗೆ, ಶಬ್ದ ಬಿಡಿಸಿ ಹೇಳಿದ ಕುಂಞಂಬುವಿಗೆ, ಒಂದು ಗುಟುಕು ನೀರು ಕುಡಿದ ಆ ತಮಿಳು ಸಾಹೇಬರಿಗೆ ನಾನು ಋಣಿ. ಸಾಹೇಬರಿಗೆ ಮುಂದೆ ಎಲ್ಲಿಗೆ ವರ್ಗವಾಯಿತೋ ತಿಳಿಯಲಿಲ್ಲ. ಥ್ಯಾಂಕ್ಸ್ ಹೇಳಲೂ ಆಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಸಂಕಪ್ಪಣ್ಣ ಅದೇ ಚಾವಡಿಯಲ್ಲಿ ಇನ್ನೂ ಆರು ವರ್ಷ ಬದುಕಿದರು. 1955ರಲ್ಲಿ ಎರಡನೇ ಸಲ ಮಿದುಳಿಗೆ ಹೊಡೆತ ಬಿದ್ದಾಗ ಮನೆಯವರು ನನಗೆ ಹೇಳಿಕಳಿಸಿದರು. ನಾನು ಮುಟ್ಟುವಾಗ ಎಲ್ಲ ಮುಗಿದಿತ್ತು. ತ್ಯಾಂಪಣ್ಣ ತಮ್ಮನ ಕಾಲ ಬಳಿ ಕೂತಿದ್ದರು. ಮರಣದ ರಿಪೋರ್ಟಿಗೆಂದು ಬರೆದುಕೊಳ್ಳುತ್ತ, "ಮಾತು ಹೋಗಿ ಆರು ವರ್ಷ ಆಯ್ತಲ್ಲ?" ಎಂದು ಖಚಿತಪಡಿಸಿಕೊಳ್ಳಲು ಕೇಳಿದೆ.

ದೇವಕಿಯಕ್ಕ ತಲೆ ಎತ್ತಿದರು.

"ಇಲ್ಲ ಡಾಕ್ಟ್ರಮ್ಮ" ಎಂದರು. "ನಿನ್ನೆ ಸಂಜೆಯವರೆಗೂ ಮಾತಾಡ್ತಾ ಇದ್ರಲ್ಲ."

ನಾನು ಬರೆದದ್ದನ್ನು ಹೊಡೆದುಹಾಕಿ, ಅವರು ಹೇಳಿದ ಹಾಗೆಯೇ ಬರೆದೆ.